ಬಿಳಿ ಹೊಗೆ, ಕರಿ ಕಂಬಳಿ

ನೋಟೀಸನ್ನು ಸಾವ್ಕಾರ್ರು ನನ್ನ ಕೈಗೆ ಕೊಡಲಿಲ್ಲ, ಮುಖದ ಮುಂದೆ ಹಿಡಿದರು. "ಓದು. ಗಟ್ಟಿಯಾಗಿ ಓದು. ನನ್ನ ಗಿರಣಿ ಹೊಗೆ ಮ್ಯಾಲೆ ಸರ್ಕಾರದ ಕಣ್ಣು ಬಿದ್ದೈತಂತೆ."

ನಾನು ಓದಿದೆ. ತರೀಕೆರೆಯ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿದ್ದ ನಮ್ಮ ಅಕ್ಕಿ ಗಿರಣಿಯ ಚಿಮಣಿಯಿಂದ ಹೊರಡುವ ಹೊಗೆ ಮತ್ತು ಬೂದಿ ನೆರೆಹೊರೆಯವರಿಗೆ ತೊಂದರೆ ಕೊಡುತ್ತಿದೆ. ಸುಗ್ಗಿಯೊಳಗೆ ಸರಿಪಡಿಸದಿದ್ದರೆ ಬಾಯ್ಲರ್ ನಿಲ್ಲಿಸಬೇಕಾಗುತ್ತದೆ. ಇಷ್ಟೇ ವಿಷಯ. ಹೆದರಿಕೆ ನನಗೆ ಹುಟ್ಟುಗುಣ. ಬೆಲ್ಟು ಸ್ವಲ್ಪ ಕಿರುಗುಟ್ಟಿದರೂ ಇಡೀ ಮಿಲ್ಲು ಮೈಮೇಲೆ ಬಿತ್ತು ಅನ್ನುವ ಜಾತಿ ನನ್ನದು.

ಎಂಬತ್ತರ ದಶಕದ ನಡುವಿನ ಮಾತು. ನೀರಿಗೆ ಬಂದಂತೆ ಗಾಳಿಗೂ ಒಂದು ಕಾಯ್ದೆ ಬಂದು ಕೆಲವು ವರ್ಷವಾಗಿತ್ತು, ಆದರೆ ನಮ್ಮ ಕಡೆ ಅದನ್ನು ಕಂಡವರು ಕಡಿಮೆ. ಅಲ್ಲಿಯ ತನಕ ಹೊಗೆ ಅನ್ನುವುದು ಯಾರ ಖಾತೆಗೂ ಸೇರದ ವಸ್ತುವಾಗಿತ್ತು. ಬಿಟ್ಟವನಿಗೂ ಲೆಕ್ಕವಿಲ್ಲ, ಉಸಿರಾಡಿದವನಿಗೂ ಲೆಕ್ಕವಿಲ್ಲ.

ಡಿಪ್ಲೊಮಾ ಮುಗಿಸಿದ್ದ ನಾನು ಆ ಗಿರಣಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದೆ. ಅದಕ್ಕೇ ಊರಿನವರು ಧಾರಾಳವಾಗಿ 'ಇಂಜಿನೇರ್ರು' ಅನ್ನುತ್ತಿದ್ದರು. ನಾವು ಮಾಡುತ್ತಿದ್ದದ್ದು ಕುಸುಬಲಕ್ಕಿ. ಭತ್ತವನ್ನು ತೊಟ್ಟಿಯಲ್ಲಿ ನೆನೆಸಿ, ಆವಿಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುವುದು. ಅಕ್ಕಿ ಘಟ್ಟ ಇಳಿದು ಕರಾವಳಿಗೆ ಹೋಗುತ್ತಿತ್ತು. ಬೇಯಿಸಲು ಬೇಕಾದ ಆವಿಗೆ ಬಾಯ್ಲರು, ಬಾಯ್ಲರಿಗೆ ಸೌದೆ ಬೇಡ, ಅದೇ ಭತ್ತದ ಹೊಟ್ಟೇ ಸಾಕು. ಲೆಕ್ಕ ಚೆನ್ನಾಗಿತ್ತು. ಬಾಯ್ಲರ್ ನಿಂತರೆ ತೊಟ್ಟಿಯಲ್ಲಿ ನೆನೆದ ಭತ್ತ ಹುಳಿ ಬರುತ್ತದೆ, ಗಿರಣಿ ಮುಚ್ಚುತ್ತದೆ, ನಾನು ಮನೆಗೆ ಹೋಗುತ್ತೇನೆ. ಹೋಗಿ ಸೇರಿಕೊಳ್ಳಲು ನನಗೆ ಇನ್ನೊಂದು ಜಾಗ ಎಲ್ಲೂ ಇರಲಿಲ್ಲ.

ದೂರು ಕೊಟ್ಟವರು ಯಾರೆಂದು ಕೇಳಬೇಕಾಗಿರಲಿಲ್ಲ. ಗಿರಣಿಯ ಗೋಡೆಗೆ ಗೋಡೆ ಅಂಟಿಕೊಂಡು ಹಾಸಿಗೆ ಸಾಬರ ಮನೆ, ಕೆಳಗೆ ಅಂಗಡಿ, ಮೇಲೆ ತಾರಸಿ. ಹತ್ತಿಯನ್ನು ಬಿಲ್ಲಿನಲ್ಲಿ ಹಿಂಜಿ, ತಾರಸಿಯ ಮೇಲೆ ಹರವಿ ಬಿಸಿಲು ತೋರಿಸಿ, ಹಾಸಿಗೆ ದಿಂಬು ಹೊಲಿಯುವುದು ಅವರ ಕಸುಬು. ಆ ಹತ್ತಿಯ ಮೇಲೆ ನಮ್ಮ ಚಿಮಣಿಯ ಕರಿ ಬೂದಿ ದಿನವೂ ಉದುರುತ್ತಿತ್ತು. ಸಾಬರು ಹೇಳಿ ನೋಡಿದರು, ಕೈಮುಗಿದು ನೋಡಿದರು, ಕೊನೆಗೆ ಯಾರೋ ಹೇಳಿಕೊಟ್ಟರೆಂದು ಅರ್ಜಿ ಹಾಕಿದರು.

ಸಾವ್ಕಾರ್ರು ಕೆಂಡವಾದರು. "ಗಿರಣಿ ಮಗ್ಗುಲಲ್ಲಿ ಹತ್ತಿ ಹರವ್ಕೊಂಡು ಬೂದಿ ಬಂತು ಅಂದ್ರೆ? ಕಂಬ್ಳೀಲಿ ಬುತ್ತಿ ಕಟ್ಕೊಂಡು ಕೂದ್ಲು ಸಿಕ್ತು ಅಂದಂಗಾಯ್ತು!"

ಮಾತು ಕೇಳಲು ಚೆನ್ನಾಗಿತ್ತು. ಆದರೆ ಸಾಬರ ಅಜ್ಜ ಅಲ್ಲಿ ಹತ್ತಿ ಹಿಂಜುವಾಗ ಗಿರಣಿಯ ಜಾಗದಲ್ಲಿ ಬರೀ ಕಳ್ಳಿಗಿಡ ಇತ್ತಂತೆ. ಅದನ್ನು ಸಾವ್ಕಾರ್ರ ಮುಂದೆ ಹೇಳುವ ಎದೆ ನನಗಿರಲಿಲ್ಲ.

ಮಾರನೇ ದಿನ ಬಸ್ ಹತ್ತಿ ನೋಟೀಸು ಕಳಿಸಿದ ಅಧಿಕಾರಿಯ ಕಚೇರಿಗೆ ಹೋದೆ. ಗದರುತ್ತಾರೆ ಅಂದುಕೊಂಡಿದ್ದೆ. ನನಗಿಂತ ಚಿಕ್ಕ ವಯಸ್ಸಿನ, ಮೆತ್ತನೆ ಮಾತಿನ ಮನುಷ್ಯ. ಮೇಜಿನ ಡ್ರಾಯರಿನಿಂದ ಒಂದು ರಟ್ಟು ತೆಗೆದು ತೋರಿಸಿದರು. ಅದರಲ್ಲಿ ಸಾಲಾಗಿ ಚೌಕ ಮನೆಗಳು. ಮೊದಲನೆಯದು ಬಿಳಿಗೆ ಹತ್ತಿರ, ಆಮೇಲೆ ಬೂದು, ಕೊನೆಯದು ಕಾಡಿಗೆ ಕಪ್ಪು.

"ಇದನ್ನು ಕೈ ಚಾಚಿ ಹಿಡಿದು ನಿಮ್ಮ ಹೊಗೆಯ ಬಣ್ಣ ಯಾವ ಮನೆಗೆ ಹೊಂದುತ್ತೆ ಅಂತ ನೋಡ್ತೀವಿ. ಎರಡನೇ ಮನೆ ದಾಟಬಾರದು."

"ಅಷ್ಟೇನಾ ಸಾರ್?"

"ಸದ್ಯಕ್ಕೆ ನಮ್ಮ ಹತ್ರ ಇರೋ ಉಪಕರಣ ಅಷ್ಟೇ ರೀ" ಅಂದರು. ಸ್ವಲ್ಪ ಬೇಸರದಲ್ಲೇ ಅಂದರು ಅಂತ ಈಗ ಅನ್ನಿಸುತ್ತದೆ. ಆಗ ನನಗೆ ಅದು ಹೊಳೆಯಲಿಲ್ಲ. ಬಸ್ಸಿನಲ್ಲಿ ಕೂತು ಹಿಗ್ಗುತ್ತ ಬಂದೆ. ಬಣ್ಣ ತಾನೆ? ಹೊಗೆ ಕಪ್ಪಗಿದೆ ಅಂದರೆ ಹೊಟ್ಟು ಪೂರ್ತಿ ಉರಿಯುತ್ತಿಲ್ಲ ಅಂತ ಅರ್ಥ. ಉರಿಯಬೇಕಾದರೆ ಗಾಳಿ ಬೇಕು. ಗಾಳಿ ಕೊಟ್ಟರಾಯಿತು.

ಕೊಟ್ಟೆ. ಒಲೆಯ ಕೆಳಗಿನ ಜಾಲರಿಯ ಕಂಡಿಗಳನ್ನು ಅಗಲ ಮಾಡಿಸಿದೆ, ಗಾಳಿ ಊದುವ ಬ್ಲೋವರಿನ ಪುಲ್ಲಿ ಬದಲಾಯಿಸಿ ಅದು ಜೋರಾಗಿ ತಿರುಗುವಂತೆ ಮಾಡಿದೆ. ಬುಟ್ಟಿಗಟ್ಟಲೆ ಹೊಟ್ಟು ಸುರಿದು ಬೀಡಿ ಹಚ್ಚುತ್ತಿದ್ದ ಬಾಯ್ಲರ್ ಮೇಸ್ತ್ರಿಗೆ ಸ್ವಲ್ಪ ಸ್ವಲ್ಪವೇ ಹಾಕುವಂತೆ ಹೇಳಿ ಬೈಸಿಕೊಂಡೆ. ಮೂರನೇ ದಿನಕ್ಕೆ ಚಿಮಣಿಯಿಂದ ಹೊಗೆ ಬರುತ್ತಿದೆಯೋ ಇಲ್ಲವೋ ಅನ್ನುವಂತಾಯಿತು. ಹಾಲಿನಂಥ ಬಿಳುಪು. ಅಧಿಕಾರಿ ಬಂದರು, ಅಂಗಳದಲ್ಲಿ ನಿಂತು ರಟ್ಟು ಎತ್ತಿ ಹಿಡಿದರು, ಒಂದನೇ ಮನೆ ಅಂದರು. ಪಾಸು. ಸುಗ್ಗಿ ನಡುವೆ ಇನ್ನೊಮ್ಮೆ ಬಂದು ನೋಡುತ್ತೇನೆ ಅಂತ ಹೇಳಿ ಹೋದರು.

ಸಾವ್ಕಾರ್ರು ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು. ಸಾಬರು ತಾವೇ ಬಂದರು. "ಹತ್ತಿ ಈಗ ಬೆಳ್ಳಗೈತೆ ಇಂಜಿನೇರ್ರೇ. ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಅಂತ ಹೊಸ ದಿಂಬೊಂದನ್ನು ನನ್ನ ಕೈಲಿಟ್ಟರು. ತಿಳಿ ನೀಲಿ ಬಟ್ಟೆ, ಅಂಚಿಗೆ ಸಣ್ಣ ಹೊಲಿಗೆ. ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡೆ.

ಆ ದಿಂಬಿನಿಂದಲೇ ನನ್ನ ನಿದ್ದೆ ಹೋಯಿತು.

ಮೊದಲು ಕೆನ್ನೆ ತುರಿಸಿತು. ಬೆವರುಸಾಲೆ ಅಂದುಕೊಂಡೆ. ಆಮೇಲೆ ಕಣ್ಣು ಕೆಂಪಾಯಿತು. ನನ್ನ ಹೆಂಡತಿ ಬೆಳಿಗ್ಗೆ ಎದ್ದವಳೇ ಕತ್ತು ಕೆರೆದುಕೊಳ್ಳುತ್ತ ದಿಂಬನ್ನು ಹಜಾರಕ್ಕೆ ಎಸೆದಳು. "ಇದೇನ್ರೀ, ದಿಂಬೋ ತುರುಚನ ಸೊಪ್ಪೋ? ಸಾಬ್ರು ನಿಮ್ಮ ಮೇಲಿನ ಸಿಟ್ಟು ಹಿಂಗೆ ತೀರಿಸ್ಕೊಂಡ್ರಾ?"

ನಕ್ಕೆವು. ಆದರೆ ಅದೇ ವಾರ ಸಾಬರ ಅಂಗಡಿಯ ಮುಂದೆ ಜನ ಸೇರಿದ್ದು ಕಂಡಾಗ ನಗು ನಿಂತಿತು. ಯಾವುದೋ ಮದುವೆ ಮನೆಯವರು ಗಾಡಿಯಲ್ಲಿ ಜೋಡಿ ಹಾಸಿಗೆ ವಾಪಸು ತಂದು ಬೀದಿಗೆ ಕೆಡವಿದ್ದರು. "ಹಳೇ ಹತ್ತಿ ತುಂಬಿದೀಯ! ಹೊಸ ಮದ್ವೆ ಹುಡ್ಗಿ ಮೈಯೆಲ್ಲ ದದ್ದು ಎದ್ದೈತೆ! ಮನೆತನದ ಹೆಸರಿಟ್ಕೊಂಡು ಹಿಂಗಾ ಮಾಡೋದು?" ಸಾಬರು ಹಾಸಿಗೆಯ ಹೊಲಿಗೆ ಬಿಚ್ಚಿ ಹತ್ತಿಯನ್ನು ಎತ್ತಿ ಎತ್ತಿ ತೋರಿಸುತ್ತಿದ್ದರು. "ನೋಡ್ರೀ, ಹೊಸದು ಕಣ್ರೀ, ಎಷ್ಟು ಬೆಳ್ಳಗೈತೆ ನೋಡ್ರೀ." ಹತ್ತಿ ನಿಜವಾಗಿಯೂ ಬೆಳ್ಳಗಿತ್ತು. ನಾನು ತಲೆಯೆತ್ತಿ ನಮ್ಮ ಚಿಮಣಿಯನ್ನು ನೋಡಿದೆ.

ಅನುಮಾನವನ್ನು ಖಾತ್ರಿ ಮಾಡಿದವನು ಯಗಟಿ ಕಡೆಯ ಒಬ್ಬ ಕುರಿಯವನು. ಬಸ್ಸಿಗೆ ಕಾಯುತ್ತ ನಮ್ಮ ಗಿರಣಿಯ ಗೋಡೆಗೆ ಒರಗಿ, ಕರಿ ಕಂಬಳಿಯನ್ನು ಹೆಗಲ ಮೇಲೆ ಹೊದ್ದು ಕೂತಿದ್ದ. ಬಸ್ಸು ಬಂದಾಗ ಎದ್ದು, ಕಂಬಳಿ ನೋಡಿಕೊಂಡು, "ಥೂ, ಇದ್ಯಾವ ಸುಣ್ಣದ ಗೂಡು ಇಲ್ಲೈತೆ!" ಅಂತ ಬೈದು ಕೊಡವಿದ. ಹಿಟ್ಟಿನ ಚೀಲ ಕೊಡವಿದಷ್ಟು ಎದ್ದಿತು. ನಾನು ಗೇಟಿನಲ್ಲೇ ನಿಂತಿದ್ದೆ. ಅವನು ಬಸ್ಸು ಹತ್ತಿ ಹೋದ ಮೇಲೂ ನಿಂತೇ ಇದ್ದೆ.

ವಿಷಯ ಇಷ್ಟು. ಗಾಳಿ ಜೋರಾದಾಗ ಹೊಟ್ಟು ಪೂರ್ತಿ ಉರಿದು ಬೂದಿ ಬೆಳ್ಳಗಾಯಿತು, ಹಗುರವಾಯಿತು. ಅದೇ ಗಾಳಿ ಆ ಹಗುರ ಬೂದಿಯನ್ನು ಮೊದಲಿಗಿಂತ ಹೆಚ್ಚಾಗಿ ಎತ್ತಿಕೊಂಡು ಚಿಮಣಿಯಿಂದ ಹೊರಗೆ ಒಗೆಯಿತು. ಭತ್ತದ ಹೊಟ್ಟಿನ ಬೂದಿ ಒಲೆ ಬೂದಿಯಂತೆ ಮೆತ್ತಗಿರುವುದಿಲ್ಲ. ಗಾಜಿನ ಪುಡಿಯಂತೆ ಚುಚ್ಚುತ್ತದೆ. ಬಿಳಿ ಆಕಾಶದಲ್ಲಿ ಬಿಳಿ ಹೊಗೆ, ಬಿಳಿ ಹತ್ತಿಯ ಮೇಲೆ ಬಿಳಿ ಬೂದಿ. ರಟ್ಟಿಗೆ ಕಾಣುವುದಿಲ್ಲ, ಸಾಬರಿಗೂ ಕಾಣುವುದಿಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಂತೆ.

ಸಾವ್ಕಾರ್ರಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು. "ಪಾಸಾಗಿದೀವೋ ಇಲ್ವೋ?"

"ಆಗಿದೀವಿ."

"ಮತ್ತ್ಯಾಕಯ್ಯ ಸುಮ್ನಿರೋ ಮೈನ ಕೆರ್ಕೊಂಡು ಹುಣ್ಣು ಮಾಡ್ಕೊಂತೀಯ?"

"ಕೆರ್ಕೊಳ್ತಿರೋದು ನಾವಲ್ಲ ಸಾವ್ಕಾರ್ರೇ, ಸಾಬ್ರ ಗಿರಾಕಿಗಳು" ಅಂದುಬಿಟ್ಟೆ. ಎಲ್ಲಿಂದ ಬಂತೋ ಆ ಮಾತು! ಅವರು ಎಲೆಯನ್ನು ಮಡಿಚಿ ಬಾಯಿಗಿಟ್ಟರು. "ಏನ್ ಮಾಡ್ಬೇಕು ಅಂತೀಯ?" ಅಂದರು.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಯಾಕೆಂದರೆ ಅದು ನಮ್ಮ ಗಿರಣಿಯಲ್ಲೇ ಇತ್ತು. ಅಕ್ಕಿ ಪಾಲಿಶ್ ಆಗುವಾಗ ಹಾರುವ ತೌಡನ್ನು ಹಿಡಿಯಲು ಆಲಿಕೆಯಂತೆ ತುದಿ ಕೆಳಗಾದ ತಗಡಿನ ಒಂದು ದೊಡ್ಡ ಶಂಕು ಇರುತ್ತದೆ, ಸೈಕ್ಲೋನ್ ಅನ್ನುತ್ತಾರೆ. ಮೇಲುಗಡೆ ಪಕ್ಕದಿಂದ ಗಾಳಿ ನುಗ್ಗಿ ಗಿರಗಿರ ತಿರುಗುತ್ತದೆ. ತಿರುಗುವ ರಭಸಕ್ಕೆ ತೌಡು ಗೋಡೆಗೆ ಬಡಿದು ಜಾರಿ ಕೆಳಗೆ ಬೀಳುತ್ತದೆ, ಬರೀ ಗಾಳಿ ಮಧ್ಯದ ಕೊಳವೆಯಿಂದ ಮೇಲೆ ಹೋಗುತ್ತದೆ. ಅಂಥ ಹಳೆ ಸೈಕ್ಲೋನೊಂದು ಶೆಡ್ಡಿನ ಹಿಂದೆ ತುಕ್ಕು ಹಿಡಿದು ಬಿದ್ದಿತ್ತು. ತೌಡಿಗೆ ಬೆಲೆಯಿದೆ, ಅದನ್ನು ಹಿಡಿಯುತ್ತೇವೆ. ಬೂದಿಗೆ ಬೆಲೆಯಿಲ್ಲ, ಅದನ್ನು ಊರಿಗೆ ಹಂಚುತ್ತೇವೆ. ಆ ಹಳೆ ಸೈಕ್ಲೋನನ್ನೇ ಬಾಯ್ಲರಿಗೂ ಚಿಮಣಿಗೂ ನಡುವೆ ಕೂರಿಸಿದರೆ?

ಬಾಯ್ಲರಿಗೆ ಹಾಗೆ ಮಾಡಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇದ್ದಿರಬಹುದು. ನಮ್ಮ ಸುತ್ತಿನ ಕಡೂರು, ಅಜ್ಜಂಪುರದ ಗಿರಣಿಗಳಲ್ಲಿ ಕೇಳಿದರೆ ನಕ್ಕರು.

"ಮಾಡು" ಅಂದರು ಸಾವ್ಕಾರ್ರು. "ಆದ್ರೆ ಕೇಳ್ಕೊ. ಮತ್ತೆ ಆ ಆಫೀಸರ್ ಬರೋ ಹೊತ್ಗೆ ಹೊಗೆ ಹಿಂಗೇ ಬೆಳ್ಳಗಿರ್ಬೇಕು. ಇಲ್ದಿದ್ರೆ ನಿನ್ ತಗಡೂ ಹೋಯ್ತು, ನೀನೂ ಹೋದೆ."

ಅಡಕತ್ತರಿಗೆ ಸಿಕ್ಕ ಅಡಕೆಯಾಯಿತು ನನ್ನ ಪಾಡು.

ಸಾಬರಿಗೆ ಹೇಳುವುದೋ ಬೇಡವೋ ಅಂತ ಎರಡು ದಿನ ಒದ್ದಾಡಿ, ಹೇಳಿದೆ. ಅವರು ಬಿಲ್ಲು ಕೆಳಗಿಟ್ಟರು. ಕೂಗಾಡಿದ್ದರೆ ವಾಸಿಯಿತ್ತು. "ಮೊದ್ಲು ಕರ್ರಗೆ ಬೀಳ್ತಿತ್ತು. ಕಾಣ್ತಿತ್ತು, ಆಯ್ದು ಬಿಸಾಕ್ತಿದ್ದೆ. ಕಾಣೋ ಕಳ್ಳನ್ನ ಹಿಡೀಬೋದು ಇಂಜಿನೇರ್ರೇ. ನೀವು ಅವನಿಗೆ ಬಿಳೀ ಅಂಗಿ ಹಾಕ್ಸಿ ಕಳ್ಸಿದ್ರಿ." ಮತ್ತೆ ಅರ್ಜಿ ಹಾಕಿ ಅಂತ ನಾನೇ ಅಂದೆ. "ಯಾರು ನಂಬ್ತಾರೆ? ಪಾಸಾಗಿದೆಯಲ್ಲ" ಅಂದರು. ಅವರ ತಾರಸಿ ಆಗಲೇ ಖಾಲಿಯಾಗಿತ್ತು. ಮದುವೆ ಮನೆಯ ಗಲಾಟೆ ಸಂತೆಯಲ್ಲೆಲ್ಲ ಹಬ್ಬಿ, ಹಾಸಿಗೆ ಹೇಳಿಟ್ಟವರು ಒಬ್ಬೊಬ್ಬರೇ ಬೇರೆ ಕಡೆಗೆ ಹೋಗಿದ್ದರು. ಲಗ್ನದ ಕಾಲ ಕೈಬಿಟ್ಟರೆ ಆ ಮನೆಯ ಒಲೆ ಹೇಗೆ ಉರಿಯಬೇಕು?

ಕೆಲಸ ಶುರುವಾಯಿತು. ಸೈಕ್ಲೋನಿನ ತೂತು ಮುಚ್ಚಲು ತಗಡಿನ ಕೆಲಸದವನನ್ನು ಕರೆಸಿದೆ. ಅವನು ಹೊಸ ತಗಡು ಹಾಕಿ ಚೆಂದಾಗಿ ಬೆಸುಗೆ ಮಾಡಿದ. ನಾನು ನೋಡಿ ಭೇಷ್ ಅಂದೆ. ಇಬ್ಬರ ತಲೆಗೂ ಹೊಳೆಯಲಿಲ್ಲ, ತೌಡಿನ ಗಾಳಿ ತಣ್ಣಗಿರುತ್ತದೆ, ಬಾಯ್ಲರಿನ ಗಾಳಿ ಹಾಗಲ್ಲ ಅಂತ. ಉರಿ ಹಾಕಿದ ಸ್ವಲ್ಪ ಹೊತ್ತಿಗೆ ಬೆಸುಗೆಯ ಸೀಸ ಕರಗಿ ತೊಟ್ಟಿಕ್ಕಿತು, ತೇಪೆ ಬಿಚ್ಚಿ ಅಷ್ಟೂ ಬೂದಿ ಕೆಳಗೆ ನಿಂತಿದ್ದ ಬಾಯ್ಲರ್ ಮೇಸ್ತ್ರಿಯ ಮೇಲೆ ಸುರಿಯಿತು. ಅವನು ವಿಭೂತಿ ಬಳಿದುಕೊಂಡ ಜಂಗಮನ ಹಾಗೆ ಹೊರಗೆ ಬಂದ. "ಇದೇನ್ ಸೈಕ್ಲೋನ್ ಅಲ್ಲ ಕಣ್ರೀ, ಸುಂಟರಗಾಳಿ ಡಬ್ಬ!" ಆ ಹೆಸರೇ ಅದಕ್ಕೆ ನಿಂತಿತು. ಆಮೇಲೆ ದಪ್ಪ ತಗಡು ತಂದು ಅಂಚು ಮಡಿಚಿ ರಿವೆಟ್ ಹೊಡೆಸಿದೆವು.

ಎರಡನೆಯ ಪಾಠ ಕೆಳಗಿನ ಬಾಯಿಯದು. ಶಂಕುವಿನ ತುದಿಯಲ್ಲಿ ಬೂದಿ ಬೀಳಲು ಕಂಡಿ ಬೇಕು. ಆದರೆ ಆ ಕಂಡಿಯಿಂದ ಗಾಳಿ ಒಳನುಗ್ಗಿದರೆ ಹಿಡಿದ ಬೂದಿಯನ್ನೆಲ್ಲ ಮತ್ತೆ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ತೌಡಿಗೆ ಕಟ್ಟುವಂತೆ ಗೋಣಿಚೀಲ ಕಟ್ಟಿದೆ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಚೀಲವೇ ಇಲ್ಲ, ಸುಟ್ಟ ಅಂಚು ಮಾತ್ರ ನೇತಾಡುತ್ತಿತ್ತು. ಬೂದಿ ಮುಚ್ಚಿದ ಕೆಂಡ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಪಕ್ಕದಲ್ಲೇ ಹೊಟ್ಟಿನ ರಾಶಿ ಇತ್ತು. ಅದಕ್ಕೆ ಕಿಡಿ ತಾಗಿದ್ದರೆ?

ಆಮೇಲೆ ನೀರಿನ ಉಪಾಯ. ಶಂಕುವಿನ ತುದಿಗೆ ಕೊಳವೆ ಜೋಡಿಸಿ, ಅದರ ಬಾಯಿಯನ್ನು ನೀರು ತುಂಬಿದ ಕಲ್ಲಿನ ಬಾನಿಯಲ್ಲಿ ಮುಳುಗಿಸಿದೆ. ಬೂದಿ ನೀರಿಗೆ ಬೀಳುತ್ತದೆ, ಗಾಳಿ ಒಳಗೆ ಬರಲಾರದು, ಕೆಂಡವೂ ಆರುತ್ತದೆ. ಮೊದಲ ದಿನ ಬಾನಿಯ ನೀರು ಕೊಳವೆಯೊಳಗೆ ಸರಸರ ಮೇಲಕ್ಕೇರಿತು, ಯಾರೋ ಒಳಗೆ ಕೂತು ಹೀರಿದಂತೆ. ಬಾನಿ ಬರಿದಾಗಿ, ಕೊಳವೆಯ ಬಾಯಿ ಗಾಳಿಗೆ ತೆರೆದುಕೊಂಡು, ಕೆಸರು ಬೂದಿ ಗೋಡೆಗೆಲ್ಲ ರಾಚಿತು. ಚಿಮಣಿಯ ಸೆಳೆತದ ಲೆಕ್ಕ ಹಾಕದೆ ಕೊಳವೆಯನ್ನು ಗಿಡ್ಡ ಮಾಡಿದ್ದೆ. ಉದ್ದದ ಕೊಳವೆ, ಆಳದ ಬಾನಿ, ನೀರು ಏರಿದರೂ ಬಾಯಿ ಮುಳುಗಿರುವಂತೆ. ಅದು ಹಿಡಿಯಿತು. ಬಾನಿಯ ತಳದಲ್ಲಿ ಬೂದಿ ಮಂದವಾಗಿ ಕೂತದ್ದನ್ನು ಗುದ್ದಲಿಯಲ್ಲಿ ಎತ್ತಿ ತೆಗೆದಾಗ, ಇಷ್ಟೂ ಇಲ್ಲಿಯ ತನಕ ಊರಿನ ಮೇಲೆ ಬೀಳುತ್ತಿತ್ತಲ್ಲ ಅಂತ ಗಾಬರಿಯಾಯಿತು.

ಆದರೆ ಒಲೆಗೆ ಉಸಿರು ಕಟ್ಟಿತು. ಶಂಕುವಿನಲ್ಲಿ ತಿರುಗಿ ತಿರುಗಿ ಹೋಗುವಷ್ಟರಲ್ಲಿ ಗಾಳಿಯ ಸೆಳೆತವೆಲ್ಲ ಕರಗುತ್ತಿತ್ತು. ಬಾಯ್ಲರಿನ ಒತ್ತಡದ ಮುಳ್ಳು ಇಳಿಯಿತು, ಆವಿ ಸಾಲದಾಯಿತು, ಒಂದು ತೊಟ್ಟಿ ಭತ್ತ ಬೇಯದೆ ಹುಳಿ ಬಂತು. ಸಾವ್ಕಾರ್ರು ಬಂದು ಒಂದು ಹಿಡಿ ಎತ್ತಿ ಮೂಸಿ, ತೊಟ್ಟಿಗೇ ವಾಪಸು ಎಸೆದು ಹೋದರು. ಅವರು ಬೈಯದೆ ಹೋದದ್ದೇ ನನಗೆ ಹೆಚ್ಚು ಭಯ. ಸೈಕ್ಲೋನಿನ ಆಚೆ ಇನ್ನೊಂದು ಫ್ಯಾನು ಕೂರಿಸಿ ಹೊಗೆಯನ್ನು ಎಳೆಸಿದೆ. ಆವಿ ಬಂತು, ಗಿರಣಿ ಓಡಿತು. ಏನಾದರೂ ಕೆಟ್ಟರೆ ಇರಲಿ ಅಂತ ಹೊಗೆ ನೇರವಾಗಿ ಚಿಮಣಿಗೆ ಹೋಗುವ ಹಳೆ ದಾರಿಗೆ ಒಂದು ತಗಡಿನ ಬಾಗಿಲು ಇಟ್ಟು, ಹಿಡಿಯನ್ನು ಹೊರಗೆ ಬಿಟ್ಟೆ.

ಬೂದಿ ನಿಂತಿತು. ಆದರೆ ಹೊಗೆಯ ಬಣ್ಣ ತಿರುಗಿತು. ಜೋರು ಗಾಳಿ ಕೊಟ್ಟರೆ ಸೈಕ್ಲೋನು ತಡೆಯದು, ಗಾಳಿ ಕಡಿಮೆ ಮಾಡಿದರೆ ಹೊಗೆ ಬೂದುಬಣ್ಣಕ್ಕೆ ಬರುತ್ತಿತ್ತು. ಮೊದಲಿನ ಕಪ್ಪಲ್ಲ, ಆದರೆ ಹಾಲಿನ ಬಿಳುಪೂ ಅಲ್ಲ. ಬೂದಿ ಹಿಡಿದರೆ ರಟ್ಟಿನಲ್ಲಿ ಫೇಲು, ಬೂದಿ ಬಿಟ್ಟರೆ ರಟ್ಟಿನಲ್ಲಿ ಪಾಸು! ಇಂಥ ಕಾನೂನು ಬರೆದವನು ಎದುರಿಗೆ ಸಿಕ್ಕಿದ್ದರೆ ಆ ದಿಂಬಿನ ಮೇಲೆ ಮಲಗಿಸುತ್ತಿದ್ದೆ. ಇದನ್ನು ಸರಿ ಮಾಡುವ ಮೊದಲೇ ಅಧಿಕಾರಿ ಬಂದುಬಿಟ್ಟರು.

ಬೆಳಿಗ್ಗೆ ಬಿಸಿಲೇರುವ ಹೊತ್ತು. ಅಂಗಳದಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತು ರಟ್ಟು ಎತ್ತಿದರು. ಎತ್ತಿದ ಕೈ ಇಳಿಯಲಿಲ್ಲ. "ಹೋದ ಸಲ ಒಂದಿತ್ತಲ್ರೀ? ಈಗ ಎರಡು ದಾಟ್ತಾ ಇದೆ."

ಸಾವ್ಕಾರ್ರು ನನ್ನನ್ನು ನೋಡಿದರು, ಆಮೇಲೆ ಹಳೆ ದಾರಿಯ ಬಾಗಿಲ ಹಿಡಿಯನ್ನು ನೋಡಿದರು. ಹತ್ತಿರ ಬಂದು ಹಲ್ಲು ಕಚ್ಚಿ ಅಂದರು, "ಏ, ಆ ಬಾಗ್ಲು ತೆಗಿಯೋ. ಗಾಳಿ ಜೋರ್ ಮಾಡು. ಬೆಳ್ಳಗಾಗ್ಲಿ. ನಿನ್ ದಮ್ಮಯ್ಯ ಅಂತೀನಿ."

ಹಿಡಿಯ ಮೇಲೆ ಕೈ ಇಟ್ಟೆ. ಬಿಸಿಯಿತ್ತು. ಎಳೆದರೆ ಮುಗಿಯಿತು, ಹೊಗೆ ಬೆಳ್ಳಗಾಗುತ್ತದೆ, ಗಿರಣಿ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಸಾಬರು ಉಳಿಯುವುದಿಲ್ಲ. ಎಳೆಯದಿದ್ದರೆ ನಾನು ಮನೆಗೆ. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ಎಳೆಯುವ ಮನಸ್ಸೇ ಹೆಚ್ಚಿತ್ತು. ಆದರೆ ನಾನು ಅಧಿಕಾರಿಯ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ಸಾರ್, ಇದನ್ನ ತೆಗೆದ್ರೆ ಹೊಗೆ ಬೆಳ್ಳಗಾಗುತ್ತೆ. ನೀವು ಕಾರ್ಡ್ ತಗೊಂಡು ಸಾಬ್ರ ತಾರಸಿ ಮೇಲೆ ಬನ್ನಿ. ಅಲ್ಲಿಂದ ಎರಡೂ ನೋಡಿ."

ಸಾವ್ಕಾರ್ರ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಕುರಿಯವನು ಕಂಬಳಿ ಕೊಡವಿದ ದಿನದಿಂದ ನನ್ನ ತಲೆಯಲ್ಲಿ ಅದೇ ಇತ್ತು. ಯಗಟಿಯಿಂದ ಒಂದು ಕರಿ ಕಂಬಳಿ ತರಿಸಿ ಅವತ್ತು ಬೆಳಗಿನಿಂದ ಸಾಬರ ತಾರಸಿಯಲ್ಲಿ ಹಾಸಿಟ್ಟಿದ್ದೆ, ಸೈಕ್ಲೋನು ಹಿಡಿಯುತ್ತಿದೆಯೋ ಇಲ್ಲವೋ ತಿಳಿಯಲೆಂದು. ತಾರಸಿ ಹತ್ತಿ ಬಂದ ಅಧಿಕಾರಿ ಅದರ ಮೇಲೆ ಬೆರಳಾಡಿಸಿದರು, ಸಾವ್ಕಾರ್ರೂ ಹಿಂದೆಯೇ ಹತ್ತಿ ಬಂದು ನಿಂತರು. ಕಂಬಳಿ ಕಪ್ಪಾಗಿಯೇ ಇತ್ತು, ಅಲ್ಲೊಂದು ಇಲ್ಲೊಂದು ಚುಕ್ಕೆ. ಅದನ್ನು ಮಡಿಚಿಟ್ಟು, ಅದೇ ಜಾಗದಲ್ಲಿ ಮೇಸ್ತ್ರಿಯಿಂದ ಇಸಿದುಕೊಂಡ ಇನ್ನೊಂದು ಕರಿ ಕಂಬಳಿ ಹಾಸಿ, ಗಿರಣಿಯ ಕಡೆಗೆ ಬಗ್ಗಿ, "ತೆಗಿಯಪ್ಪಾ!" ಅಂತ ಕೂಗಿದೆ. ಮೇಸ್ತ್ರಿ ಬಾಗಿಲು ಎಳೆದು ಬ್ಲೋವರು ಜೋರು ಮಾಡಿದ.

ಹೊಗೆ ಬೆಳ್ಳಗಾಯಿತು. ಅಧಿಕಾರಿ ರಟ್ಟು ಎತ್ತಿದರು. "ಒಂದು. ಒಂದಕ್ಕಿಂತ ಕಡಿಮೆ."

"ಕೆಳಗೆ ನೋಡಿ ಸಾರ್" ಅಂದೆ.

ಸಾಬರು ಎಲ್ಲರಿಗೂ ಟೀ ತರಿಸಿದ್ದರು. ಟೀ ಕುಡಿದು ಮುಗಿಯುವ ಮೊದಲೇ ಮೇಸ್ತ್ರಿಯ ಕಂಬಳಿಯ ಬಣ್ಣ ಮಾಸಿತು, ಮುದಿ ಕುರಿಯ ಮೈಯಂತೆ ನರೆಯಿತು. ಸಾವ್ಕಾರ್ರ ಟೀ ಲೋಟದಲ್ಲೂ ತೆಳ್ಳಗೆ ಏನೋ ತೇಲಿತು. ಅವರು ಲೋಟದೊಳಗೆ ನೋಡಿದರು, ಮೇಲೆ ತಮ್ಮ ಚಿಮಣಿಯನ್ನು ನೋಡಿದರು. ಆ ತಾರಸಿಯಿಂದ ಅವರು ತಮ್ಮ ಗಿರಣಿಯನ್ನು ನೋಡಿದ್ದು ಅದೇ ಮೊದಲು. ಅಧಿಕಾರಿಯ ಕಣ್ಣಿಗೂ ಬೂದಿ ಬಿದ್ದು ಅವರು ಕಣ್ಣುಜ್ಜಿಕೊಂಡರು, ಉಜ್ಜಿದಷ್ಟೂ ಉರಿಯಿತು. ಸಾಬರು ಚೊಂಬಿನಲ್ಲಿ ನೀರು ಕೊಟ್ಟರು.

ಅಧಿಕಾರಿ ಮಡಿಚಿಟ್ಟಿದ್ದ ಕಂಬಳಿಯನ್ನು ಬಿಚ್ಚಿ, ಎರಡರ ನಡುವೆ ಕುಕ್ಕರುಗಾಲಲ್ಲಿ ಕೂತರು. "ಇದನ್ನ ನಾನು ಯಾವ ಕಾಲಮ್ಮಿಗೆ ಬರೀಲಿ ರೀ? ಕಂಬಳಿ ನಮ್ಮ ಕಾನೂನಿನಲ್ಲಿ ಇಲ್ಲ."

"ಊರಲ್ಲಿ ಐತೆ ಸ್ವಾಮಿ" ಅಂದರು ಸಾವ್ಕಾರ್ರು. ನಾವೆಲ್ಲ ತಿರುಗಿ ನೋಡಿದೆವು. "ನ್ಯಾಯ ಮಾಡೋಕೆ ಕೂತ್ರೆ ನಮ್ ಕಡೆ ಕಂಬ್ಳೀನೇ ಹಾಸೋದು." ಅಷ್ಟು ಹೇಳಿ ಟೀಯನ್ನು ಮೋರಿಗೆ ಚೆಲ್ಲಿ, ಮೆಟ್ಟಿಲಿಳಿದು ಹೋದರು. ಹೋಗುತ್ತ ಕೆಳಗಿನಿಂದ ಮೇಸ್ತ್ರಿಗೆ ಕೂಗಿದ್ದು ಕೇಳಿಸಿತು: "ಲೇ, ಮುಚ್ಚೋ ಆ ಬಾಗ್ಲು!"

ಅಧಿಕಾರಿ ನಮ್ಮನ್ನು ಪಾಸು ಮಾಡಲಿಲ್ಲ. ಎರಡು ದಾಟಿದೆ ಅನ್ನುವುದನ್ನು ದಾಟಿಲ್ಲ ಅಂತ ಬರೆಯಲಾರೆ ಅಂದರು. ನನಗೆ ಸಿಟ್ಟು ಬಂತು. ಆದರೂ ಅವರು ಹೇಳಿದ್ದು ನಿಜ. ಬೂದಿ ಹಿಡಿಯುವ ಯಂತ್ರ ಕೂರಿಸಿದ್ದಾರೆ, ಬಣ್ಣ ಸರಿಪಡಿಸಲು ಕಾಲಾವಕಾಶ ಕೊಡಬಹುದು ಅಂತ ಬರೆದುಕೊಂಡರು. ಬಾಗಿಲ ತನಕ ಹೋದವರು ಹಿಂತಿರುಗಿ, "ಗಾಳೀನ ಕೆಳಗಿನಿಂದಲೇ ಯಾಕೆ ಕೊಡಬೇಕು?" ಅಂತ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ.

ಆ ಪ್ರಶ್ನೆ ಹಿಡಿದುಕೊಂಡು ನಾನು ಒಲೆಯ ಮುಂದೆ ಕೂತೆ. ಕೆಳಗಿನ ಗಾಳಿ ಬೂದಿಯನ್ನು ಎತ್ತುತ್ತದೆ. ಮೇಲಿನ ಗಾಳಿ? ಉರಿಯ ನಾಲಿಗೆಗಳ ಮಟ್ಟಕ್ಕೆ ಒಲೆಯ ಪಕ್ಕದ ಗೋಡೆಯಲ್ಲಿ ಕಂಡಿಗಳನ್ನು ಕೊರೆಸಿ, ಬ್ಲೋವರಿನ ಅರ್ಧ ಗಾಳಿಯನ್ನು ಅಲ್ಲಿಗೆ ತಿರುಗಿಸಿದೆ. ಕೆಳಗೆ ಹೊಟ್ಟು ಮೆಲ್ಲಗೆ ಕೆಂಡವಾಯಿತು, ಮೇಲೆ ಹೊಗೆ ತಾನೇ ಉರಿಯಿತು, ಬೂದಿ ಇದ್ದಲ್ಲೇ ಕೂತಿತು. ಕಂಡಿಯ ಎತ್ತರ ಸರಿ ಹೋಗುವಷ್ಟರಲ್ಲಿ ಗೋಡೆ ಜರಡಿಯಾಗಿತ್ತು. ಅಧಿಕಾರಿ ಮತ್ತೆ ಬಂದಾಗ ಎರಡನೇ ಮನೆಯೊಳಗೇ ಇತ್ತು. ಹಾಲಿನ ಬಿಳುಪು ಮತ್ತೆಂದೂ ಬರಲಿಲ್ಲ, ನಮಗೆ ಅದು ಬೇಕೂ ಇರಲಿಲ್ಲ.

ಆ ರಟ್ಟು ಬರದಿದ್ದರೆ ನಾವು ಏನೂ ಮಾಡುತ್ತಿರಲಿಲ್ಲ, ಇದು ಖಂಡಿತ. ರಟ್ಟೊಂದನ್ನೇ ನಂಬಿದ್ದರೆ ಇದ್ದದ್ದಕ್ಕಿಂತ ಕೆಟ್ಟದ್ದನ್ನು ಮಾಡಿ ಬೆನ್ನು ತಟ್ಟಿಸಿಕೊಂಡು ಕೂರುತ್ತಿದ್ದೆವು, ಇದೂ ಖಂಡಿತ. ಮುಂದಿನ ಸುಗ್ಗಿಗೆ ಬೇರೆ ಊರಿನ ಗಿರಣಿಗಳಿಗೂ ನೋಟೀಸು ಹೋಯಿತು. ಅವರಲ್ಲಿ ಕೆಲವರು ನನ್ನ ಹತ್ತಿರ ಬಂದು ಸುಂಟರಗಾಳಿ ಡಬ್ಬವನ್ನು ಸುತ್ತ ಬಳಸಿ ನೋಡಿದರು, ತಲೆದೂಗಿದರು, ಹೋಗಿ ದೊಡ್ಡ ಬ್ಲೋವರ್ ಹಾಕಿಸಿಕೊಂಡರು. ಅವರ ಹೊಗೆ ಹಾಲಿನಂತಿತ್ತು ಅಂತ ಕೇಳಿದೆ. ಅವರ ಪಕ್ಕದ ಮನೆಯವರು ಏನು ಒಣಗಿಸುತ್ತಿದ್ದರೋ ಗೊತ್ತಿಲ್ಲ.

ಮದುವೆ ಮನೆಯವರ ಹಾಸಿಗೆಯನ್ನು ಸಾಬರು ಹೊಸ ಹತ್ತಿಯಲ್ಲಿ ಮತ್ತೆ ಹೊಲಿದುಕೊಟ್ಟರು. ಗಾಡಿಯಲ್ಲಿ ಅದರ ಜೊತೆ ಸಾವ್ಕಾರ್ರು ತಾವೇ ಕೂತು ಹೋದರು. "ತಪ್ಪು ಹತ್ತೀದಲ್ಲ ಕಣ್ರಪ್ಪಾ, ನಂದು" ಅಂತ ಆ ಮನೆಯ ಜಗುಲಿಯಲ್ಲಿ ಹೇಳಿದರಂತೆ. ನಮಗೆ ಯಾರಿಗೂ ಅವರು ಆ ಮಾತು ಹೇಳಲಿಲ್ಲ, ಗಾಡಿಯವನು ಹೇಳಿದ್ದು.

ಯಗಟಿಯ ಕಂಬಳಿಯನ್ನು ನಾನು ವಾಪಸು ಕೇಳಲಿಲ್ಲ. ಸಾಬರು ಅದನ್ನು ತಾರಸಿಯ ತಂತಿಯ ಮೇಲೆ ದಿನವೂ ಹರವಿ, ಬೆಳಗಿನ ಹೊತ್ತು ತೆಗೆದು ನೋಡುತ್ತಿದ್ದರು. ಬೂದಿ ಬಿದ್ದಿದ್ದರೆ ನಮ್ಮ ಗಿರಣಿಯ ಕಡೆ ಮುಖ ಮಾಡಿ ಪಟಾರೆಂದು ಕೊಡವುತ್ತಿದ್ದರು. ಬಿದ್ದಿಲ್ಲದಿದ್ದರೆ ಸುಮ್ಮನೆ ಮಡಿಚಿಡುತ್ತಿದ್ದರು. ಅಧಿಕಾರಿ ವರ್ಷಕ್ಕೊಮ್ಮೆ ಬಂದು ರಟ್ಟು ಎತ್ತಿ ಹೋಗುತ್ತಿದ್ದರು, ಅದಕ್ಕೆ ನಾನು ಅಷ್ಟು ಹೆದರಲಿಲ್ಲ. ಆ ಗಿರಣಿಯಲ್ಲಿ ಇದ್ದಷ್ಟು ಕಾಲ, ಕಾಫಿ ಲೋಟ ಕೈಯಲ್ಲಿ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತು, ಸಾಬರು ಕಂಬಳಿ ಮಡಿಚುವ ತನಕ ಒಂದು ಗುಟುಕೂ ಕುಡಿಯುತ್ತಿರಲಿಲ್ಲ.